ಸಂಸಾರದ ಕಾರಿಗೆ ಪರಿಕರಗಳು: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮನೆಗೆ ಕಾರು ಬಂದಿತೆಂದರೆ ಅದರ ಬೆನ್ನಿಗೇ ಕಾರಿಗೆ ಬೇಕಾದ ಸಾಮಾನುಗಳ ಪಟ್ಟಿಯೂ ಬರುವುದು ರೂಢಿ. ಸೀಟಿಗೆ ಹೊದಿಕೆ, ಕಾಲಡಿಗೆ ಚಾಪೆ, ಮುಂಭಾಗಕ್ಕೆ ಉಕ್ಕಿನ ಕಂಬಿ, ಗಾಜಿಗೆ ತೆರೆ, ದೀಪಕ್ಕೆ ಹೆಚ್ಚು ಪ್ರಕಾಶದ ಬಲ್ಬು, ತಲೆಯ ಮೇಲೆ ಸಾಮಾನಿನ ಕ್ಯಾರಿಯರ್, ಹೀಗೆ ಪಟ್ಟಿಯು ಬೆಳೆಯುತ್ತ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲನ್ನು ಒಮ್ಮೆ ಸುತ್ತಿ ಬಂದವರಿಗೆ ಇವುಗಳಲ್ಲಿ ಯಾವುದೊಂದನ್ನೂ ಬಿಡುವ ಮನಸ್ಸಾಗದು. ಹಣ ಕೊಡುವವರು ಹಿರಿಯರೇ ಆದರೂ, ಮನೆಯಲ್ಲಿ ಭೌತಶಾಸ್ತ್ರ ಓದುತ್ತಿರುವ ಮಗನೋ ಮಗಳೋ ಇದ್ದರೆ 'ಇದು ನಿಜವಾಗಿ ಬೇಕೇನಪ್ಪ?' ಎಂದು ಒಮ್ಮೆಯಾದರೂ ಕೇಳದಿರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಲು ಮೋಟಾರು ತಂತ್ರಜ್ಞರಾಗಬೇಕಾದ ಅಗತ್ಯವಿಲ್ಲ. ಪಠ್ಯಪುಸ್ತಕದ ಮೊದಲ ಕೆಲವು ಅಧ್ಯಾಯಗಳೇ ಸಾಕು.

ಒಂದು ಪ್ರಯಾಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಾಜಾಜಿನಗರದ ಅಥವಾ ಬಸವೇಶ್ವರನಗರದ ಒಂದು ಸಂಸಾರವು ರಜಾದಿನದಲ್ಲಿ ಮೈಸೂರಿಗೆ ಹೊರಟಿದೆ. ಕಾರು ವಿಜಯನಗರವನ್ನು ದಾಟಿ, ಮೈಸೂರು ರಸ್ತೆಯನ್ನು ಸೇರಿ, ನಾಯಂಡಹಳ್ಳಿಯ ಮೂಲಕ ಕೆಂಗೇರಿಗೆ ಬರುವವರೆಗೆ ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರುವುದು ಅಪರೂಪ. ಕೆಂಗೇರಿ ಕಳೆದು ಕುಂಬಳಗೋಡಿನ ಆಚೆಗೆ ಚಿತ್ರವೇ ಬದಲಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನವರೆಗೆ ಅವಕಾಶವುಂಟು. ಕಾರಿನೊಳಗೆ ಕುಳಿತವರಿಗೆ ಇದರಿಂದ ವಿಶೇಷ ವ್ಯತ್ಯಾಸವೇನೂ ಕಾಣುವುದಿಲ್ಲ. ಮಗು ತಾಯಿಯ ಮಡಿಲಿನಲ್ಲಿಯೇ ಇದೆ, ನೀರಿನ ಕ್ಯಾನು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆಯೇ ಇದೆ. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದಷ್ಟೆ. 40ರಿಂದ 100ಕ್ಕೆ ಏರಿದಾಗ ವೇಗವು ಎರಡೂವರೆ ಪಟ್ಟಾದರೆ, ಕಾರಿನೊಳಗಣ ಪ್ರತಿಯೊಂದು ವಸ್ತುವಿನ ಚಲನಶಕ್ತಿಯೂ ಆರೂಕಾಲು ಪಟ್ಟು ಆಗಿರುತ್ತದೆ.

ಆದುದರಿಂದ ಯಾವ ಪರಿಕರವನ್ನು ಕೊಳ್ಳುವಾಗಲೂ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕಾರು ಥಟ್ಟನೆ ನಿಂತರೆ ಈ ವಸ್ತುವು ಎಲ್ಲಿಗೆ ಹೋಗುತ್ತದೆ, ಯಾರ ಮೇಲೆ ಹೋಗುತ್ತದೆ? ಜಡತ್ವದ ನಿಯಮವು ಕಾರಿಗೆ ಬೇರೆ, ಕಾರಿನೊಳಗಿನ ವಸ್ತುವಿಗೆ ಬೇರೆ ಅನ್ವಯಿಸುತ್ತದೆ. ಬ್ರೇಕು ನಿಲ್ಲಿಸುವುದು ಕಾರನ್ನು ಮಾತ್ರ. ಒಳಗಿರುವುದನ್ನು ಇನ್ನಾವುದಾದರೂ ಹಿಡಿದು ನಿಲ್ಲಿಸಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಸ್ತುವಿನ ಶಕ್ತಿಯು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಮಹಡಿಗೂ ಮೇಲಿನಿಂದ ಬಿದ್ದ ಅದೇ ವಸ್ತುವಿನ ಶಕ್ತಿಗೆ ಸಮ. 100 ಕಿಲೋಮೀಟರಿಗೆ ಈ ಎತ್ತರವು 39 ಮೀಟರ್, ಸುಮಾರು ಹದಿಮೂರು ಮಹಡಿ. ಮದ್ದೂರಿನಲ್ಲಿ ಕೊಂಡು ಹಿಂದಿನ ಹಲಗೆಯ ಮೇಲಿಟ್ಟ ಎರಡು ಎಳನೀರಿನ ಕಾಯಿಗಳನ್ನು ವಾಚಕರು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು.

ಈಗ ಮಡಿಲಿನ ಮಗುವಿನ ಲೆಕ್ಕ. ಕಾರು ಗಂಟೆಗೆ ಕೇವಲ 50 ಕಿಲೋಮೀಟರ್, ಎಂದರೆ ಸೆಕೆಂಡಿಗೆ 13.9 ಮೀಟರ್ ವೇಗದಲ್ಲಿ ಹೋಗುತ್ತ ಒಂದು ಗೋಡೆಗೆ ಬಡಿಯಿತೆಂದು ಭಾವಿಸೋಣ. ಮುಂಭಾಗವು 60 ಸೆಂಟಿಮೀಟರಿನಷ್ಟು ಜಜ್ಜಿಹೋಗಿ ಕಾರು ನಿಲ್ಲುತ್ತದೆ. ವೇಗದ ವರ್ಗವನ್ನು ನಿಲ್ಲಲು ಹಿಡಿದ ದೂರದ ಇಮ್ಮಡಿಯಿಂದ ಭಾಗಿಸಿದರೆ, 193ನ್ನು 1.2ರಿಂದ ಭಾಗಿಸಿದಂತಾಗಿ, ವೇಗದ ಇಳಿಕೆಯ ದರವು ಸೆಕೆಂಡಿನ ವರ್ಗಕ್ಕೆ 161 ಮೀಟರ್ ಎಂದು ಬರುತ್ತದೆ. ಇದು ಗುರುತ್ವದ ಹದಿನಾರು ಪಟ್ಟಿಗೂ ತುಸು ಹೆಚ್ಚು. ಹತ್ತು ಕಿಲೋಗ್ರಾಂ ತೂಕದ ಮಗುವನ್ನು ಆ ಗಳಿಗೆಯಲ್ಲಿ ಹಿಡಿದು ನಿಲ್ಲಿಸಲು ತಾಯಿಯ ತೋಳುಗಳು 160 ಕಿಲೋಗ್ರಾಂ ಭಾರವನ್ನು ಹಿಡಿಯುವಷ್ಟು ಬಲವನ್ನು ತೋರಬೇಕಾಗುತ್ತದೆ, ಅದೂ ಕಣ್ಣೆವೆ ಮುಚ್ಚುವುದರೊಳಗೆ. ತಾಯಿಯ ಪ್ರೀತಿಯಲ್ಲಿ ಕೊರತೆಯಿಲ್ಲ, ಸ್ನಾಯುಗಳಿಗೆ ಅಷ್ಟು ಬಲವಿಲ್ಲ. ತಾಯಿಯೂ ಬೆಲ್ಟು ಕಟ್ಟಿಕೊಂಡಿರದಿದ್ದರೆ ಆಕೆಯ ದೇಹದ ಭಾರವೂ ಹದಿನಾರು ಪಟ್ಟಾಗಿ ಮಗುವಿನ ಮೇಲೆ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ತಾಯಿ ಮಗು ಇಬ್ಬರನ್ನೂ ಸೇರಿಸಿ ಕಟ್ಟುವುದು ಇದಕ್ಕಿಂತಲೂ ಅಪಾಯಕರ.

ಹೀಗಿರುವುದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪರಿಕರಗಳ ಪಟ್ಟಿಯ ಮೊದಲ ಸ್ಥಾನವು ಮಕ್ಕಳ ಸೀಟಿಗೆ ಸಲ್ಲತಕ್ಕದ್ದು. ಹಾಡಿನ ಪೆಟ್ಟಿಗೆಗೂ ಚರ್ಮದ ಹೊದಿಕೆಗೂ ಸಾವಿರಾರು ರೂಪಾಯಿ ತೆರುವವರು ಇದರ ಬೆಲೆ ಕೇಳಿ ಹಿಂಜರಿಯುವುದನ್ನು ನಾವು ಕಂಡಿದ್ದೇವೆ. ಆಯುವಾಗ ನೋಡಬೇಕಾದುದು ಬಟ್ಟೆಯ ಬಣ್ಣವನ್ನಲ್ಲ, ಮಗುವಿನ ತೂಕ ಎತ್ತರಗಳಿಗೆ ಅದು ಒಪ್ಪುವುದೇ, ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿರುವ ಐಸೋಫಿಕ್ಸ್ ಕೊಂಡಿಗಳಿಗೆ ಭದ್ರವಾಗಿ ಕೂರುವುದೇ ಎಂಬುದನ್ನು. ಎಳೆಯ ಶಿಶುಗಳನ್ನು ಕಾರಿನ ಹಿಂಬದಿಗೆ ಮುಖಮಾಡಿ ಕೂರಿಸುವ ಸೀಟೇ ಬೇಕು. ನವಜಾತ ಶಿಶುವಿನಲ್ಲಿ ತಲೆಯೊಂದೇ ಒಟ್ಟು ಉದ್ದದ ಕಾಲುಭಾಗ, ಕತ್ತಿನ ಸ್ನಾಯುಗಳೋ ಇನ್ನೂ ಬಲಿತಿರುವುದಿಲ್ಲ. ಹಿಮ್ಮುಖವಾಗಿ ಕುಳಿತ ಮಗುವಿನ ತಲೆ, ಕತ್ತು, ಬೆನ್ನುಗಳು ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುವುದರಿಂದ ಬಲವು ಹಂಚಿಹೋಗುತ್ತದೆ. ಇಂಥ ಸೀಟನ್ನು ಗಾಳಿಚೀಲವಿರುವ ಮುಂದಿನ ಸ್ಥಾನದಲ್ಲಿ ಎಂದಿಗೂ ಇಡಕೂಡದು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ನಡೆಸುವುದು 2019ರಲ್ಲಿ ತಿದ್ದುಪಡಿಗೊಂಡ ಮೋಟಾರು ವಾಹನ ಕಾಯಿದೆಯ ಪ್ರಕಾರ ದಂಡಾರ್ಹವೂ ಹೌದು.

ದೊಡ್ಡವರ ಬೆಲ್ಟಾದರೋ ಕಾರಿನೊಂದಿಗೇ ಬಂದಿರುತ್ತದೆ, ಪ್ರತ್ಯೇಕವಾಗಿ ಕೊಳ್ಳಬೇಕಾದುದಿಲ್ಲ. ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಈಗಿನ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ಕಾರುಗಳಿಗೆ ಅಳವಡಿಸಿದವನು ಸ್ವೀಡನ್ನಿನ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್. ಅದಕ್ಕೆ ಮುನ್ನ ಅವನು ಸಾಬ್ ಸಂಸ್ಥೆಯಲ್ಲಿ ಯುದ್ಧವಿಮಾನದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಕೆಲಸ ಮಾಡಿದ್ದವನು. ತನ್ನ ಹಕ್ಕನ್ನು ಗಂಟುಹಾಕಿಕೊಂಡು ಕೂರದೆ ವೋಲ್ವೋ ಸಂಸ್ಥೆಯು ಈ ವಿನ್ಯಾಸವನ್ನು ಉಳಿದ ತಯಾರಕರೂ ಬಳಸುವಂತೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಹಿಂದೆ ಕುಳಿತವರಿಗೆ ಬೆಲ್ಟು ಏಕೆಂಬ ಭಾವನೆ ಬಹಳ ಕಾಲ ಉಳಿದಿತ್ತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಪ್ರಯಾಣಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ಹಿಂದೆ ಕುಳಿತಿದ್ದವರು ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದ ಮೇಲೆಯೇ ದೇಶದಲ್ಲಿ ಈ ವಿಷಯವು ಚರ್ಚೆಗೆ ಬಂದಿತು. ವಿಚಿತ್ರವೆಂದರೆ, ಬೆಲ್ಟು ಕಟ್ಟದಿದ್ದಾಗ ಕೂಗುವ ಗಂಟೆಯ ಬಾಯಿ ಮುಚ್ಚಿಸುವ ಸಲುವಾಗಿಯೇ ಒಂದು ಪರಿಕರ ಮಾರಾಟಕ್ಕಿತ್ತು. ಬೆಲ್ಟಿನ ಬದಲು ಅದರ ಲೋಹದ ನಾಲಿಗೆಯನ್ನು ಮಾತ್ರ ಸಿಕ್ಕಿಸುವ ಕ್ಲಿಪ್ಪು ಅದು. 2023ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಅಂತರ್ಜಾಲ ಮಾರಾಟ ಸಂಸ್ಥೆಗಳಿಗೆ ಅದರ ಮಾರಾಟವನ್ನು ನಿಲ್ಲಿಸಲು ಆಜ್ಞಾಪಿಸಿತು. ಇಂಥ ಕ್ಲಿಪ್ಪುಗಳ 13,118 ಮಾರಾಟ ಪ್ರಕಟಣೆಗಳು ಆಗ ತೆಗೆದುಹಾಕಲ್ಪಟ್ಟವು. ಅಷ್ಟು ಮಂದಿ ಮಾರಲು ಕುಳಿತಿದ್ದರೆಂದರೆ ಕೊಳ್ಳುವವರೂ ಇದ್ದರೆಂದೇ ಅರ್ಥ.

ಸಾಮಾನಿನ ಮಾತಿಗೆ ಬರೋಣ. ಹಿಂದಿನ ಸಾಮಾನಿನ ಗೂಡನ್ನೂ ಅಪಘಾತವನ್ನೂ ನಮ್ಮ ಆಡುಮಾತಿನಲ್ಲಿ 'ಡಿಕ್ಕಿ' ಎಂದೇ ಕರೆಯುತ್ತೇವೆ. ಎರಡಕ್ಕೂ ಇರುವ ನಂಟನ್ನು ನೆನಪಿನಲ್ಲಿಡಲು ಇದು ಅನುಕೂಲವೆನ್ನಬೇಕು. ಭಾರವಾದುದು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ತಾಗಿದಂತೆ ಇರಬೇಕು, ಹಗುರವಾದುದು ಮೇಲೆ. ಸೀಟಿನ ಬೆನ್ನಿನ ಎತ್ತರವನ್ನು ಮೀರಿ ಪೇರಿಸಬಾರದು. ಸಾಮಾನನ್ನು ಬಿಗಿಯುವ ಬಲೆ ಮತ್ತು ಪಟ್ಟಿ ಕೆಲವೇ ನೂರು ರೂಪಾಯಿಗಳ ವಸ್ತುಗಳು, ಖಂಡಿತ ಕೊಳ್ಳತಕ್ಕವು.

ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನೋ ಮನೆದೇವರನ್ನೋ ಕೂರಿಸುವುದು ನಮ್ಮ ಜನರ ಪದ್ಧತಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ, ಜಾಗವನ್ನು ಮಾತ್ರ ನೋಡಿ ಆಯಬೇಕು. ಎಡಗಡೆಯ ಪ್ರಯಾಣಿಕನ ಎದುರಿನ ಮುಚ್ಚಳದ ಕೆಳಗೆ ಗಾಳಿಚೀಲವು ಮಡಿಸಿಟ್ಟಿರುತ್ತದೆ. ಅಪಘಾತದಲ್ಲಿ ಅದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದೊಳಗೆ ಉಬ್ಬಿ ಹೊರಬರುವಾಗ, ಮೇಲಿರುವ ವಿಗ್ರಹವೂ ದೂರವಾಣಿಯ ಹಿಡಿಕೆಯೂ ಎದುರಿಗಿದ್ದವರ ಮುಖಕ್ಕೆ ಎಸೆಯಲ್ಪಡುತ್ತವೆ. ಗಾಳಿಚೀಲವಿಲ್ಲದ ನಡುಭಾಗದಲ್ಲಿ ಚಿಕ್ಕ ವಿಗ್ರಹವನ್ನು ಗಟ್ಟಿಯಾಗಿ ಅಂಟಿಸಿಕೊಂಡರೆ ಭಕ್ತಿಗೂ ಭೌತಶಾಸ್ತ್ರಕ್ಕೂ ವಿರೋಧವಿರದು. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದ ಹೊಲಿಗೆಯನ್ನು ಹರಿದುಕೊಂಡು ಗಾಳಿಚೀಲವು ಹೊರಬರುವ ಏರ್ಪಾಡಿರುತ್ತದೆ. ಅಂಥವುಗಳಿಗೆ ದಪ್ಪನೆಯ ಹೊದಿಕೆ ತೊಡಿಸುವುದು ಚೀಲದ ಬಾಯನ್ನು ಕಟ್ಟಿದಂತೆ. ಮುಂಭಾಗದ ಉಕ್ಕಿನ ಕಂಬಿಯದೂ ಇದೇ ಕಥೆ. ಹಿಂದಿನ ಲೆಕ್ಕದಲ್ಲಿ ಕಾರು ಜಜ್ಜಿಹೋದ 60 ಸೆಂಟಿಮೀಟರೇ ಒಳಗಿದ್ದವರನ್ನು ಕಾಪಾಡಿದ್ದು. ಆ ದೂರವು 20 ಸೆಂಟಿಮೀಟರಿಗೆ ಇಳಿದರೆ ಹದಿನಾರು ಪಟ್ಟು ಎಂದಿದ್ದುದು ನಲವತ್ತೊಂಬತ್ತು ಪಟ್ಟಾಗುತ್ತದೆ. ಕಂಬಿಯು ಕಾರನ್ನು ಬಿರುಸುಗೊಳಿಸಿ, ದಾರಿಹೋಕನ ಮೂಳೆಗಳಿಗೂ ಮೃತ್ಯುವಾಗುತ್ತದೆ. ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ಇಂಥ ಕಂಬಿಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿದ್ದು ಈ ಕಾರಣದಿಂದಲೇ.

ಇಷ್ಟರವರೆಗೆ ಕಾರು ನಿಂತಾಗಿನ ಮಾತಾಯಿತು. ಅದು ಸರಿಯಾಗಿ ನಿಲ್ಲಬೇಕಾದರೆ ನೆಲವನ್ನು ಮುಟ್ಟಿರುವುದು ನಾಲ್ಕು ಟೈರುಗಳು ಮಾತ್ರ, ಒಂದೊಂದರದೂ ಸುಮಾರು ಅಂಗೈ ಅಗಲದ ಜಾಗ. ಟೈರಿನ ಗಾಳಿಯನ್ನು ಅಳೆಯುವ ಮಾಪಕವು ಜೇಬಿನಲ್ಲಿ ಹಿಡಿಸುವಂಥದು, ಬೆಲೆಯೂ ಅಲ್ಪ. ನಮ್ಮ ಎಣಿಕೆಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಉಪಕಾರ ಮಾಡುವ ಇನ್ನೊಂದು ಪರಿಕರವಿಲ್ಲ. ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಮಡಿಚಿಕೊಂಡು ಬಿಚ್ಚಿಕೊಳ್ಳುತ್ತದೆ. ಆ ಕೆಲಸವೆಲ್ಲ ಉಷ್ಣವಾಗಿ ಪರಿಣಮಿಸುತ್ತದೆ. ನಗರದ ನಿಧಾನಗತಿಯಲ್ಲಿ ಆ ಉಷ್ಣವು ಆರಿಹೋಗಬಹುದು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿದಾಗ ಅದು ಶೇಖರವಾಗಿ ರಬ್ಬರಿನ ಪದರಗಳು ಬಿಟ್ಟುಕೊಂಡು ಟೈರು ಸಿಡಿಯುತ್ತದೆ.

ಅಳೆಯುವಲ್ಲಿಯೂ ಒಂದು ಸೂಕ್ಷ್ಮವುಂಟು. ಬೆಳಗ್ಗೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚದರ ಅಂಗುಲಕ್ಕೆ 33 ಪೌಂಡು ಗಾಳಿ ತುಂಬಿಸಿದೆವೆನ್ನೋಣ. ಮಾಪಕವು ತೋರಿಸುವುದು ಹೊರಗಿನ ವಾಯುವಿನ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚಿದೆಯೆಂಬುದನ್ನು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಒತ್ತಡವು ಸುಮಾರು 13.2 ಪೌಂಡು. ಆದುದರಿಂದ ಟೈರಿನೊಳಗಿನ ನಿಜವಾದ ಒತ್ತಡವು 46.2 ಪೌಂಡು. ಓಡಿ ಓಡಿ ಟೈರು 55 ಡಿಗ್ರಿಗೆ ಬಿಸಿಯಾದರೆ, ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ 298ಕ್ಕೆ 328ರಂತೆ ಏರಿ ಸುಮಾರು 50.8 ಆಗುತ್ತದೆ, ಮಾಪಕದಲ್ಲಿ 37.6 ಕಾಣುತ್ತದೆ. ಇದನ್ನು ನೋಡಿ, ಗಾಳಿ ಹೆಚ್ಚಾಯಿತೆಂದು ಬಿಡಿದಿಯ ಬಳಿ ಇಳಿಸುವವರುಂಟು. ಟೈರು ತಣ್ಣಗಾದಾಗ ಅದು ಬೇಕಾದುದಕ್ಕಿಂತ ನಾಲ್ಕೈದು ಪೌಂಡು ಕಡಿಮೆಯಾಗಿರುತ್ತದೆ. ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಇದೇ ಕಾರು ಮೈಸೂರಿನ ಬದಲು ಘಟ್ಟವಿಳಿದು ಮಂಗಳೂರಿಗೆ ಹೋದರೆ ಹೊರಗಿನ ಒತ್ತಡವು 14.7 ಪೌಂಡಿಗೆ ಏರುವುದರಿಂದ, ಉಷ್ಣತೆಯು ಅಷ್ಟೇ ಇದ್ದ ಪಕ್ಷದಲ್ಲಿ, ಒಂದು ಹನಿ ಗಾಳಿಯೂ ಸೋರದೆ ಮಾಪಕವು ಒಂದೂವರೆ ಪೌಂಡು ಕಡಿಮೆ ತೋರಿಸುತ್ತದೆ. ಇದನ್ನು ಮಾಪಕ ಹಿಡಿದು ಪರೀಕ್ಷಿಸಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಯೋಗ. ಕರಾವಳಿಯ ಸೆಕೆಯು ಈ ವ್ಯತ್ಯಾಸವನ್ನು ಸ್ವಲ್ಪ ತುಂಬಿಕೊಡುತ್ತದೆಂಬುದನ್ನು ಮರೆಯಬಾರದು. ಟೈರಿಗೆ ಶುದ್ಧ ನೈಟ್ರೋಜನ್ ತುಂಬಿಸಿದರೆ ಈ ಏರಿಳಿತವಿಲ್ಲವೆಂದು ಹೇಳಿ ಹಣ ಪಡೆಯುವುದುಂಟು. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78 ಭಾಗ ನೈಟ್ರೋಜನ್ ಇದೆ, ಅನಿಲಗಳ ನಿಯಮ ಎರಡಕ್ಕೂ ಒಂದೇ. ತಿಂಗಳಿಗೆರಡು ಸಲ ಮಾಪಕ ಹಿಡಿಯುವವನಿಗೆ ಆ ಖರ್ಚು ಅನಾವಶ್ಯಕವೆಂಬುದೇ ನಮ್ಮ ಅಭಿಪ್ರಾಯ.

ಟೈರು ಪಂಕ್ಚರಾದರೆ ಸ್ಟೆಪ್ನಿ, ಜ್ಯಾಕು, ಪಾನಾ ಬೇಕಷ್ಟೆ. ಗಾಳಿಯ ಒತ್ತಡವನ್ನು ತಾನೇ ತಿಳಿಸುವ ಏರ್ಪಾಡೂ ಪಂಕ್ಚರು ಮುಚ್ಚುವ ಕಿಟ್ಟೂ ಇರುವ ಟ್ಯೂಬಿಲ್ಲದ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮ ತಿದ್ದಲಾಯಿತು. ಹೊಸ ಕಾರು ಕೊಂಡವರು ಡಿಕ್ಕಿಯನ್ನು ತೆರೆದು ನೋಡಿಟ್ಟುಕೊಳ್ಳಲಿ. ಕಾರಿನೊಂದಿಗೆ ಬರುವ ಕೆಂಪು ತ್ರಿಕೋನವು ಬಹಳ ಮನೆಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣದಿಂದ ಹೊರಬಂದೇ ಇರುವುದಿಲ್ಲ. ಅದರೊಳಗಣ ಸಾವಿರಾರು ಸಣ್ಣ ಮೂಲೆಗನ್ನಡಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ರಾತ್ರಿಯಲ್ಲಿ ದೂರದ ಚಾಲಕನಿಗೆ ಅದು ಹೊಳೆಯುತ್ತ ಕಾಣುತ್ತದೆ. ಎಷ್ಟು ಹಿಂದೆ ಇಡಬೇಕು? 100 ಕಿಲೋಮೀಟರ್ ವೇಗದವನು ಕಂಡು ಬ್ರೇಕಿಗೆ ಕಾಲಿಡುವ ಒಂದು ಸೆಕೆಂಡಿನಲ್ಲಿ 28 ಮೀಟರ್ ಸಾಗುತ್ತಾನೆ. ಒಣರಸ್ತೆಯಲ್ಲಿ ನಿಲ್ಲಲು ಇನ್ನೂ 55 ಮೀಟರ್ ಬೇಕು, ಮಳೆಯಲ್ಲಿ ಸುಮಾರು 100 ಮೀಟರ್. ಕಾರಿನ ಹಿಂದೆ ಹತ್ತು ಹೆಜ್ಜೆಗೆ ಇಟ್ಟ ತ್ರಿಕೋನವು ಕೆಂಗೇರಿಯ ಪೇಟೆಬೀದಿಗೆ ಸಾಕಾದೀತು, ಹೆದ್ದಾರಿಗೆ ಸಾಲದು. ಅಲ್ಲಿ ನೂರು ಮೀಟರಿಗೆ ಕಡಿಮೆಯಿಲ್ಲದೆ ಹಿಂದಿಟ್ಟು, ಮನೆಮಂದಿಯೆಲ್ಲ ಇಳಿದು ತಡೆಬೇಲಿಯ ಆಚೆ ನಿಲ್ಲಬೇಕು.

ಬಿಸಿಲಿನ ಪರಿಕರಗಳಲ್ಲಿ ನಿಜವಾದ ಉಪಯೋಗವುಂಟು, ಆಯ್ಕೆಯಲ್ಲಿ ವಿವೇಚನೆ ಬೇಕು. ನೆತ್ತಿಯ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿಯನ್ನು ಸುರಿಸುತ್ತದೆ. ಗಾಜು ಅದರ ಬಹುಭಾಗವನ್ನು ಒಳಕ್ಕೆ ಬಿಡುತ್ತದೆ. ಕಾದ ಸೀಟುಗಳು ಹೊರಸೂಸುವ ದೀರ್ಘ ತರಂಗದ ಉಷ್ಣವನ್ನು ಹೊರಕ್ಕೆ ಬಿಡುವುದಿಲ್ಲ. ಬೆಳ್ಳಿಬಣ್ಣದ ಮರೆಯನ್ನು ಗಾಜಿನ ಒಳಗಡೆ ಇಟ್ಟರೆ ಅದು ಹೀರಿದ ಉಷ್ಣವು ಕಾರಿನೊಳಗೇ ಉಳಿಯುತ್ತದೆ. ಹೊರಗಡೆ ಹೊದಿಸಿದರೆ ಉಷ್ಣವು ಗಾಜನ್ನು ದಾಟುವುದೇ ಇಲ್ಲ. ಆದ್ದರಿಂದ ಹೊರಮರೆಯೇ ಮೇಲು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು 'ಐದೇ ನಿಮಿಷ' ಎಂದು ಬಿಟ್ಟುಹೋಗುವುದಕ್ಕೆ ಯಾವ ಮರೆಯೂ ರಕ್ಷಣೆಯಲ್ಲ. ಉಷ್ಣತೆಯ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಬಿಡುತ್ತದೆ. ಗಾಜಿಗೆ ಕಪ್ಪು ಹಾಳೆ ಅಂಟಿಸುವ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ನಿಷೇಧದ ತೀರ್ಪನ್ನಿತ್ತಿತು. ಮುಂದಿನ ಹಿಂದಿನ ಗಾಜುಗಳಲ್ಲಿ ಕನಿಷ್ಠ ಶೇಕಡ 70ರಷ್ಟು, ಪಕ್ಕದವುಗಳಲ್ಲಿ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ.

ದೀಪದ ಬಲ್ಬನ್ನು ಬದಲಿಸುವ ಚಪಲ ಯುವಕರಲ್ಲಿ ಹೆಚ್ಚು. ಹಾಲೋಜೆನ್ ದೀಪದ ಕನ್ನಡಿಯನ್ನು ಲೆಕ್ಕ ಹಾಕಿ ರಚಿಸಿರುವುದು ನಾಭಿಯಲ್ಲಿರುವ ಕೆಲವೇ ಮಿಲಿಮೀಟರ್ ಉದ್ದದ ತಂತಿಗಾಗಿ. ಆ ಜಾಗದಲ್ಲಿ ಚಪ್ಪಟೆ ಹಲಗೆಯ ಎರಡು ಮುಖಗಳಿಂದ ಬೆಳಗುವ ಎಲ್.ಇ.ಡಿ. ಬಲ್ಬನ್ನು ಕೂರಿಸಿದರೆ ಬೆಳಕಿನ ಮೂಲವು ನಾಭಿಯಿಂದ ಜರುಗುತ್ತದೆ. ಕಿರಣಗಳು ರಸ್ತೆಯ ಮೇಲೆ ಬೀಳುವ ಬದಲು ಚದುರಿ ಎದುರು ಚಾಲಕನ ಕಣ್ಣಿಗೆ ಹೊಡೆಯುತ್ತವೆ. ತನಗೆ ಹೆಚ್ಚು ಬೆಳಕಾಯಿತೆಂದು ಚಾಲಕನು ಭಾವಿಸುತ್ತಾನೆ, ಆದರೆ ದೂರದ ರಸ್ತೆ ಮೊದಲಿಗಿಂತ ಮಂಕಾಗಿರಬಹುದು. ಕಣ್ಣು ಕೋರೈಸುವ ಇಂಥ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಮೊಕದ್ದಮೆ ಹೂಡತೊಡಗಿದರು.

ತಲೆಯ ಮೇಲಿನ ಕ್ಯಾರಿಯರ್ ಅನಿವಾರ್ಯವಾದಾಗ ಮಾತ್ರ ಇರಲಿ. ಗುರುತ್ವಕೇಂದ್ರವು ಮೇಲಕ್ಕೆ ಏರಿದಷ್ಟೂ ಶಿರಾಡಿ, ಚಾರ್ಮಾಡಿ ಘಾಟಿಗಳ ತಿರುವಿನಲ್ಲಿ ಕಾರು ವಾಲುತ್ತದೆ. ಹೊರುವ ಭಾರದ ಮಿತಿಯನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚು, ವಾಂತಿಗೆ ಒಂದಿಷ್ಟು ಕಾಗದದ ಚೀಲಗಳು ಬೇಕೇ ಬೇಕು. ಸುವಾಸನೆಯ ಸೀಸೆ, ಬಣ್ಣದ ಒಳದೀಪ ಮುಂತಾದವು ಅವರವರ ಇಷ್ಟ.

ಕೊನೆಯದಾಗಿ, ಗಾಜು ಒಡೆಯುವ ಸುತ್ತಿಗೆ. ಇದು ನಮ್ಮ ಊರಿಗೇಕೆಂದು ಕೇಳುವಂತಿಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಇದೇ ಮೈಸೂರು ಹೆದ್ದಾರಿಯು ಮಳೆನೀರಿನಿಂದ ತುಂಬಿ ಬಸ್ಸು ಕಾರುಗಳು ನೀರಿನಲ್ಲಿ ಸಿಕ್ಕಿಕೊಂಡವು. 2023ರ ಮೇ 21ರಂದು ಬೆಂಗಳೂರಿನ ಕೃಷ್ಣರಾಜ ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿಗೆ ಸಿಕ್ಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. 1000 ಕಿಲೋಗ್ರಾಂ ತೂಕದ ಕಾರಿನ ತಳವು 6 ಚದರ ಮೀಟರ್ ಎಂದಿಟ್ಟುಕೊಂಡರೆ, ಆರ್ಕಿಮಿಡೀಸನ ನಿಯಮದಂತೆ ತಳದಿಂದ 17 ಸೆಂಟಿಮೀಟರ್ ಮೇಲಕ್ಕೆ ನೀರು ಬಂದರೆ ಅದು ತೇಲಬೇಕು. ನೆಲದಿಂದ ತಳದವರೆಗಿನ ಎತ್ತರವನ್ನು ಸೇರಿಸಿದರೂ ಮೊಣಕಾಲಿಗಿಂತ ಕೆಳಗೇ ಆಯಿತು. ನೀರು ಒಳನುಗ್ಗುವುದರಿಂದ ಪೂರ್ತಿ ತೇಲದಿದ್ದರೂ ಟೈರಿನ ಹಿಡಿತ ಆ ವೇಳೆಗೆ ಹೋಗಿರುತ್ತದೆ. ಬಾಗಿಲಿನ ಕೆಳಅಂಚಿನಿಂದ 60 ಸೆಂಟಿಮೀಟರ್ ನೀರು ನಿಂತಿದ್ದು, ಒಳಗೆ ಇನ್ನೂ ನೀರಿಲ್ಲವೆಂದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಸುಮಾರು 180 ಕಿಲೋಗ್ರಾಂ ಭಾರದ ಒತ್ತು ಬೀಳುತ್ತದೆ. ಹಿಡಿಯ ಬಳಿ ತಳ್ಳಿದರೂ 90 ಕಿಲೋಗ್ರಾಂನಷ್ಟು ಬಲ ಬೇಕು. ಕುಳಿತಲ್ಲಿಂದ ಅಷ್ಟು ತಳ್ಳುವುದು ಸುಲಭವಲ್ಲ. ವಿದ್ಯುತ್ತಿನಿಂದ ಇಳಿಯುವ ಗಾಜು ನೀರಿನಲ್ಲಿ ಕೈಕೊಡಬಹುದು. ಆದುದರಿಂದ ಮೊದಲ ಗಳಿಗೆಯಲ್ಲಿಯೇ ಗಾಜನ್ನು ಇಳಿಸಿಬಿಡಬೇಕು. ಇಳಿಯದಿದ್ದರೆ ಸುತ್ತಿಗೆ. ಮುಂದಿನ ಗಾಜು ನಡುವೆ ಪ್ಲಾಸ್ಟಿಕ್ ಪದರವಿರುವ ಜೋಡುಗಾಜು. ಎಷ್ಟು ಬಡಿದರೂ ಬಿರುಕು ಬಿಡುವುದೇ ಹೊರತು ಉದುರದು. ಪಕ್ಕದ ಗಾಜುಗಳು ಸಾಮಾನ್ಯವಾಗಿ ಹದಗೊಳಿಸಿದ ಬಿರುಸು ಗಾಜಿನವು. ಉಕ್ಕಿನ ಮೊನೆಯನ್ನು ಅಂಚಿನ ಬಳಿ ಊರಿ ಹೊಡೆದರೆ ಹರಳುಹರಳಾಗಿ ಉದುರುತ್ತವೆ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ್ದೂ ಜೋಡುಗಾಜೇ ಆಗಿರುವುದರಿಂದ ಗಾಜಿನ ಮೂಲೆಯಲ್ಲಿರುವ ಗುರುತನ್ನು ಮೊದಲೇ ಓದಿಕೊಂಡಿರಬೇಕು. ಸುತ್ತಿಗೆಯನ್ನು ಡಿಕ್ಕಿಯಲ್ಲಿಟ್ಟರೆ ಫಲವಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಸಡಿಲವಾಗಿ ಬಿಟ್ಟರೆ ಅದೇ ಹಾರಿಬರುವ ಆಯುಧ. ಬೆಲ್ಟು ಕಟ್ಟಿ ಕುಳಿತ ಚಾಲಕನ ಕೈಗೆ ಎಟಕುವಂತೆ ಬಾಗಿಲಿನ ಪಕ್ಕದ ಗೂಡಿನಲ್ಲಿ ಪಟ್ಟಿಯಿಂದ ಬಿಗಿದಿಡಬೇಕು.